ಅಧ್ಯಕ್ಷರು ಎಷ್ಟು ಗಂಟೆಗೆ ಊಟ ಮಾಡಿದರು ಎಂಬುದು ನಮಗೇಕೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷರ ದಿನಚರಿ ದಾಖಲೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಎದ್ದದ್ದು ಎಷ್ಟಕ್ಕೆ, ಫೋನ್ ಮಾಡಿದ್ದು ಯಾರಿಗೆ, ಊಟಕ್ಕೆ ಕೂತದ್ದು ಯಾವಾಗ. ಇದೂ ಇತಿಹಾಸವೇ? ನಾನು ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ಹಾಜರಿ ಪುಸ್ತಕ ನೋಡಿಕೊಂಡವನು. ಅದರಲ್ಲಿ ಎಷ್ಟು ನಿಜ ಇರುತ್ತದೆ ಎಂದು ನನಗೆ ಗೊತ್ತು. ದೊಡ್ಡವರು ಬೇಕಾದ್ದನ್ನು ಬರೆಸುತ್ತಾರೆ, ಬೇಡದ್ದನ್ನು ಬಿಡಿಸುತ್ತಾರೆ. ಅದನ್ನು ಕಾಪಾಡಲು ಮತ್ತೆ ಕಟ್ಟಡ, ಸಿಬ್ಬಂದಿ, ಖರ್ಚು! ಇರಲಿ, ನಮ್ಮ ದೇಶದಲ್ಲಿ ಇಂಥದ್ದು ಇದೆಯೇ? ಅಮೆರಿಕದ್ದನ್ನಾದರೂ ನಮ್ಮಂಥವರು ನೋಡಬಹುದೇ?" (ಒಬ್ಬ ನಿವೃತ್ತ ನೌಕರರು, ದಾವಣಗೆರೆ)

ಸಂಪಾದಕರ ಉತ್ತರ:

ಹಾಜರಿ ಪುಸ್ತಕ ಎಂದಿರಿ. ಒಪ್ಪಿದೆ. ನಿಜಕ್ಕೂ ಅದು ಹಾಗೇ ಕಾಣುತ್ತದೆ. ಜಿಮ್ಮಿ ಕಾರ್ಟರ್ ಅವರ ದಿನಚರಿಯ ಯಾವುದೇ ಪುಟ ತೆಗೆಯಿರಿ. ಮೇಲೆ ಸ್ಥಳ, ತಾರೀಖು, ವಾರ. ಎಡಗಡೆ ಎರಡು ಕಾಲಂ: ಶುರುವಾದ ಸಮಯ, ಮುಗಿದ ಸಮಯ. ನಡುವೆ ಫೋನಿಗೆ ಒಂದು ಸಣ್ಣ ಕಾಲಂ. ಅಧ್ಯಕ್ಷರೇ ಮಾಡಿದ ಕರೆಗೆ 'ಪಿ', ಅವರಿಗೆ ಬಂದ ಕರೆಗೆ 'ಆರ್'. ಬಲಗಡೆ ಒಂದೊಂದು ಸಾಲಿನ ವಿವರ. ಎಷ್ಟೋ ಪುಟಗಳ ಮೊದಲ ಸಾಲು ಒಂದೇ: ಶ್ವೇತಭವನದ ಫೋನ್ ಆಪರೇಟರ್ ಅಧ್ಯಕ್ಷರನ್ನು ಎಬ್ಬಿಸಿದ ಕರೆ. ಆಮೇಲೆ ಓವಲ್ ಆಫೀಸಿಗೆ, ಅಂದರೆ ಅಧ್ಯಕ್ಷರ ಕಚೇರಿಗೆ ಹೋದರು. ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ ಬಂದರು, ಹೋದರು. ಉಪಾಧ್ಯಕ್ಷ ಮಾಂಡೇಲ್ ಜೊತೆ ಊಟ. ಅಷ್ಟೇ. ಏನು ಮಾತಾಡಿದರು ಎಂದು ಕೇಳಿದರೆ ಪುಟ ಬಾಯಿ ಬಿಡುವುದಿಲ್ಲ.

ಆದರೆ "ದೊಡ್ಡವರು ಬೇಕಾದ್ದನ್ನು ಬರೆಸುತ್ತಾರೆ" ಎಂಬ ನಿಮ್ಮ ಮಾತಿಗೆ ನನ್ನ ತಕರಾರಿದೆ. ಇದನ್ನು ಬರೆಯುವುದು ಅಧ್ಯಕ್ಷರಲ್ಲ. ಅವರ ಖಾಸಗಿ ಡೈರಿ ಬೇರೆ. ರೇಗನ್ ಇಡೀ ಅಧಿಕಾರಾವಧಿಯಲ್ಲಿ ತಮ್ಮ ಕೈಯಾರೆ ಡೈರಿ ಬರೆದರು, ಕಾರ್ಟರ್ ಕೂಡ ಒಂದನ್ನು ಇಟ್ಟಿದ್ದರು. ಅವು ಅವರವರ ಮನಸ್ಸಿನ ಮಾತು, ಅಲ್ಲಿ ಬಣ್ಣ ಹಚ್ಚಲು ಜಾಗ ಇದೆ. ನಾವು ಬರೆದದ್ದು ಕಚೇರಿಯ ದಿನಚರಿಯ ಬಗ್ಗೆ. ಇದಕ್ಕೆ ಸರಕು ಹತ್ತು ಕಡೆಯಿಂದ ಬರುತ್ತದೆ. ಫೋನ್ ಆಪರೇಟರ್‌ಗಳು ಕರೆಗಳ ಚೀಟಿ ಕೊಡುತ್ತಾರೆ. ಅಧ್ಯಕ್ಷರು ಯಾವ ಬಾಗಿಲಿಂದ ಯಾವಾಗ ಹೊರಟರು ಎಂದು ಕಾವಲಿನ ಸೀಕ್ರೆಟ್ ಸರ್ವಿಸ್‌ನವರು ಗುರುತು ಮಾಡಿಕೊಂಡಿರುತ್ತಾರೆ. ಮನೆಯ ಭಾಗದ ಲೆಕ್ಕ ಅಲ್ಲಿನ ಅಷರ್‌ಗಳದ್ದು, ಅಂದರೆ ಮನೆವಾರ್ತೆ ನೋಡಿಕೊಳ್ಳುವವರದ್ದು. ಆಪ್ತ ಕಾರ್ಯದರ್ಶಿಗಳ ಪಟ್ಟಿ ಇನ್ನೊಂದು. ಇಷ್ಟನ್ನೂ ತಾಳೆ ಹಾಕಿ ಒಬ್ಬ ದಿನಚರಿಕಾರ ಆಮೇಲೆ ಟೈಪ್ ಮಾಡುತ್ತಾನೆ. ಒಬ್ಬರನ್ನು ಒಲಿಸಿಕೊಂಡು ಒಂದು ಸಾಲು ಅಳಿಸಿದರೂ ಉಳಿದವರ ಚೀಟಿಯಲ್ಲಿ ಅದು ಹಾಗೇ ಕೂತಿರುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಪರೇಟರ್ ಚೀಟಿ ಬರೆಯುವಾಗ ಯಾವ ಕರೆ ನಾಳೆ ದೊಡ್ಡದಾಗುತ್ತದೆ ಎಂದು ಅವಳಿಗೆ ಗೊತ್ತಿರುವುದಿಲ್ಲ. ಹಲ್ಲಿನ ಡಾಕ್ಟರ ಕರೆಗೂ ಯುದ್ಧದ ಕರೆಗೂ ಅವಳಲ್ಲಿ ಒಂದೇ ಅಳತೆಯ ಚೀಟಿ. ಆತ್ಮಕಥೆ ಬರೆಯುವವನಿಗೆ ಕಥೆಯ ಕೊನೆ ಮೊದಲೇ ಗೊತ್ತಿರುತ್ತದೆ. ಆಪರೇಟರಿಗೆ ಗೊತ್ತಿಲ್ಲ. ನಾನು ಈ ಬೇಸರದ ಪುಟಗಳನ್ನು ನಂಬುವುದು ಅದಕ್ಕೇ.

ಸುಮ್ನೆ ಹೇಳುತ್ತಿಲ್ಲ. ನಿಕ್ಸನ್ ಕಥೆ ನೋಡಿ. 1971ರ ಫೆಬ್ರವರಿಯಲ್ಲಿ ಅವರು ತಮ್ಮ ಕಚೇರಿಯಲ್ಲಿ ಗುಟ್ಟಾಗಿ ಟೇಪ್ ವ್ಯವಸ್ಥೆ ಹಾಕಿಸಿದರು. 1973ರ ಜುಲೈ 16ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಅವರ ಹಳೆಯ ಸಹಾಯಕ ವಾಟರ್‌ಗೇಟ್ ಹಗರಣದ (ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ ಪ್ರಕರಣ) ತನಿಖೆ ನಡೆಸುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಇದನ್ನು ಬಾಯಿಬಿಟ್ಟರು. ಅಷ್ಟು ಹೊತ್ತಿಗೆ ಸುಮಾರು 3,700 ಗಂಟೆಗಳ ಟೇಪ್ ಸೇರಿತ್ತು. ಈಗ ನೀವೇ ತನಿಖೆ ಮಾಡುವವರು ಅಂದುಕೊಳ್ಳಿ. ಇಷ್ಟು ಟೇಪಿನಲ್ಲಿ ಯಾವುದನ್ನು ಕೇಳುತ್ತೀರಿ? "ಎಲ್ಲ ಕೊಡಿ" ಎಂದರೆ ಕೋರ್ಟು ಒಪ್ಪುವುದಿಲ್ಲ. ಯಾವ ದಿನ, ಎಷ್ಟು ಗಂಟೆ, ಯಾರಿದ್ದರು ಎಂದು ನಿಖರವಾಗಿ ಹೇಳಬೇಕು.

ಅಲ್ಲಿ ಕೆಲಸಕ್ಕೆ ಬಂದದ್ದು ಈ ಒಣ ದಾಖಲೆ. ಶ್ವೇತಭವನದ ದಿನದ ಲಾಗ್‌ಗಳೂ ಭೇಟಿಗಳ ಪಟ್ಟಿಯೂ ಅದಾಗಲೇ ವಿಶೇಷ ಪ್ರಾಸಿಕ್ಯೂಟರ್ ಕೈ ಸೇರಿದ್ದವು. ಅವುಗಳಿಂದಲೇ ಅವರು 64 ಮಾತುಕತೆಗಳನ್ನು ಗುರುತಿಸಿ 1974ರ ಏಪ್ರಿಲ್‌ನಲ್ಲಿ ಸಮನ್ಸ್ ಕೊಡಿಸಿದರು. ಇದು ನನ್ನ ವ್ಯಾಖ್ಯಾನವಲ್ಲ. 1974ರ ಜುಲೈ 24ರಂದು ಸುಪ್ರೀಂ ಕೋರ್ಟು 8-0 ಮತಗಳಿಂದ ನಿಕ್ಸನ್ ವಿರುದ್ಧ ಕೊಟ್ಟ ತೀರ್ಪಿನಲ್ಲೇ ಆ ಮಾತಿದೆ. ಲಾಗ್‌ಗಳು ಸಿಕ್ಕಿದ್ದರಿಂದ ಸಮಯ, ಸ್ಥಳ, ಇದ್ದವರು ಯಾರು ಎಂದು ಹೇಳುವುದು ಸಾಧ್ಯವಾಯಿತು ಎಂದು ಕೋರ್ಟು ಬರೆದಿದೆ. ಆ ಟೇಪ್‌ಗಳಲ್ಲಿ ಒಂದು 1972ರ ಜೂನ್ 23ರದ್ದು, ಬೆಳಿಗ್ಗೆ 10:04ರಿಂದ 11:39ರವರೆಗೆ ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಹಾಲ್ಡ್‌ಮನ್ ಜೊತೆ ಓವಲ್ ಆಫೀಸಿನಲ್ಲಿ ನಡೆದ ಮಾತು. ವಾಟರ್‌ಗೇಟ್ ತನಿಖೆಯನ್ನು ಗುಪ್ತಚರ ಸಂಸ್ಥೆ ಸಿಐಎ ಮೂಲಕ ನಿಲ್ಲಿಸುವ ಯೋಜನೆ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆಗಸ್ಟ್ 5ರಂದು ಅದು ಹೊರಬಿತ್ತು. ಆಗಸ್ಟ್ 9ರ ಮಧ್ಯಾಹ್ನಕ್ಕೆ ನಿಕ್ಸನ್ ಅಧ್ಯಕ್ಷರಾಗಿ ಉಳಿದಿರಲಿಲ್ಲ.

ನಿಕ್ಸನ್ ಟೇಪ್ ಒಂದರಲ್ಲಿ ಹದಿನೆಂಟೂವರೆ ನಿಮಿಷ ಮಾತು ಅಳಿಸಿ ಖಾಲಿಯಾಗಿದ್ದ ಕಥೆ ನಿಮಗೂ ಗೊತ್ತಿರುತ್ತದೆ. ಅದು 1972ರ ಜೂನ್ 20ರದ್ದು. ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ತಮ್ಮಿಂದ ಒಂದಿಷ್ಟು ಭಾಗ ಆಕಸ್ಮಿಕವಾಗಿ ಅಳಿಸಿಹೋಗಿರಬಹುದು ಎಂದರು. ತಜ್ಞರು ನೋಡಿ ಕನಿಷ್ಠ ಐದು ಬಾರಿ ಬೇರೆ ಬೇರೆಯಾಗಿ ಅಳಿಸಿದ ಗುರುತಿದೆ ಎಂದರು. ಮಾತು ಹೋಯಿತು. ಆದರೆ ಆ ಹೊತ್ತಿನಲ್ಲಿ ಒಳಗಿದ್ದವರು ಹಾಲ್ಡ್‌ಮನ್ ಎಂಬ ದಾಖಲೆ ಉಳಿಯಿತು. ಅವರ ಕೈಬರಹದ ಟಿಪ್ಪಣಿ ಸಿಕ್ಕಿತು. ಅದರಲ್ಲಿ ವಾಟರ್‌ಗೇಟ್ ವಿಷಯವೇ ಇತ್ತು. ಟೇಪ್ ಅಳಿಸಿದವರು ಯಾರೇ ಇರಲಿ, ಭೇಟಿಯನ್ನು ಅಳಿಸಲಾಗಲಿಲ್ಲ.

ಹಾಗಂತ ದಿನಚರಿಯನ್ನು ಅಟ್ಟಕ್ಕೇರಿಸುವುದೂ ಬೇಡ. 1971ರ ನವೆಂಬರ್ 4ರಂದು ಇಂದಿರಾ ಗಾಂಧಿ ಶ್ವೇತಭವನಕ್ಕೆ ಹೋದರು. ಜೊತೆಗೆ ಅವರ ಆಪ್ತ ಸಲಹೆಗಾರ ಪಿ.ಎನ್. ಹಕ್ಸರ್. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದ ಕಾಲ. ಅಂಥ ಭೇಟಿಗೂ ದಿನಚರಿಯಲ್ಲಿ ಸಿಗುವುದು ಯಾರು, ಎಲ್ಲಿ, ಎಷ್ಟು ಹೊತ್ತು ಎಂಬಷ್ಟೇ. ಮರುದಿನ ಬೆಳಿಗ್ಗೆ ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಸೇರಿ ಆಕೆಯ ಬಗ್ಗೆ ಎಂಥ ಕೊಳಕು ಮಾತು ಆಡಿದರು ಎಂಬುದು ನಮಗೆ ತಿಳಿದದ್ದು ಟೇಪಿನಿಂದ. ಅದೂ 2005ರಲ್ಲಿ. ಕಿಸಿಂಜರ್ ಆಗ ವಿಷಾದ ಹೇಳಿದರು. ಆದರೆ ಇಲ್ಲೂ ಒಂದು ವಿಷಯ ಮರೆಯಬೇಡಿ. ಸಾವಿರಾರು ಗಂಟೆಗಳ ಗೊರಗೊರ ಸದ್ದಿನಲ್ಲಿ ಇದು ಯಾರ ದನಿ, ಇದು ಯಾವ ಹೊತ್ತು ಎಂದು ಪತ್ರಾಗಾರದವರು ಗುರುತು ಹಾಕಿದ್ದು ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ.

ಕೆಲವೊಮ್ಮೆ ಬರೀ ಓಡಾಟವೇ ಕಥೆ ಹೇಳುತ್ತದೆ. 1978ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟಿನ ಸಾದಾತ್ ಮತ್ತು ಇಸ್ರೇಲಿನ ಬೆಗಿನ್ ಅವರನ್ನು ಕಾರ್ಟರ್ 13 ದಿನ ಕೂರಿಸಿಕೊಂಡರು. ಶುರುವಿನಲ್ಲಿ ಮೂವರೂ ಒಟ್ಟಿಗೆ ಮಾತಾಡಿದರು. ಆಮೇಲೆ ಅದು ನಿಂತೇ ಹೋಯಿತು. ಕಾರ್ಟರ್ ಒಮ್ಮೆ ಇವರ ಹತ್ತಿರ, ಒಮ್ಮೆ ಅವರ ಹತ್ತಿರ. ಒಪ್ಪಂದ ಆಯಿತು ಎಂದಷ್ಟೇ ಓದಿದವರಿಗೆ ಅದು ಎಂಥ ಅಲೆದಾಟದಿಂದ ಆಯಿತು ಎಂದು ಗೊತ್ತಾಗುವುದಿಲ್ಲ.

ಈಗ ನಿಮ್ಮ "ಬೇಡದ್ದನ್ನು ಬಿಡಿಸುತ್ತಾರೆ" ಎಂಬ ಮಾತಿಗೆ ಬರೋಣ. ಬಿಡಿಸುವುದುಂಟು, ಬಿಟ್ಟುಹೋಗುವುದೂ ಉಂಟು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಗುಂಪು ನುಗ್ಗಿತು. ಆ ದಿನ ಟ್ರಂಪ್ ಅವರ ಅಧಿಕೃತ ದಿನಚರಿಯಲ್ಲಿ ಮಧ್ಯಾಹ್ನ 1:21ರಿಂದ 4:03ರವರೆಗೆ ಏನೂ ಇಲ್ಲ. ಫೋನ್ ಪಟ್ಟಿಯಲ್ಲಂತೂ ಬೆಳಿಗ್ಗೆ 11:17ರಿಂದ ಸಂಜೆ 6:54ರವರೆಗೆ, ಅಂದರೆ 7 ಗಂಟೆ 37 ನಿಮಿಷ, ಒಂದು ಕರೆಯೂ ಇಲ್ಲ. ಆ ಹೊತ್ತಿನಲ್ಲಿ ಅವರೊಂದಿಗೆ ಫೋನಿನಲ್ಲಿ ಮಾತಾಡಿದೆವು ಎಂದು ಸಂಸದರೇ ಹೇಳಿದ್ದರು! ಉಳಿದ ದಿನಗಳಲ್ಲಿ ನಿಮಿಷ ನಿಮಿಷದ ಲೆಕ್ಕ ಇಟ್ಟ ಪುಸ್ತಕದಲ್ಲಿ ಆ ಒಂದು ಮಧ್ಯಾಹ್ನ ಬಿಳಿ ಹಾಳೆ. ಪುಸ್ತಕವೇ ಇಲ್ಲದಿದ್ದರೆ ಈ ಖಾಲಿ ಜಾಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಲ್ವಾ? ತನಿಖಾ ಸಮಿತಿ ದಿನಚರಿ, ಫೋನ್ ಪಟ್ಟಿಗಳನ್ನು ಕೇಳಿದಾಗ ಟ್ರಂಪ್ ಸುಪ್ರೀಂ ಕೋರ್ಟಿನವರೆಗೆ ಹೋದರು. 2022ರ ಜನವರಿಯಲ್ಲಿ ಕೋರ್ಟು ತಡೆ ಕೊಡಲಿಲ್ಲ.

ಎಲ್ಲ ಖಾಲಿ ಜಾಗವೂ ಕಳ್ಳತನವಲ್ಲ ಎಂಬುದನ್ನೂ ಹೇಳಬೇಕು. 2001ರ ಸೆಪ್ಟೆಂಬರ್ 11ರಂದು, ಉಗ್ರರ ದಾಳಿಯ ದಿನ, ಅಧ್ಯಕ್ಷ ಬುಷ್ ಫ್ಲಾರಿಡಾದ ಶಾಲೆಯಲ್ಲಿ ಮಕ್ಕಳ ಜೊತೆ ಕೂತಿದ್ದರು. ಆಮೇಲೆ ಇಡೀ ಕಾರ್ಯಕ್ರಮ ತಲೆಕೆಳಗಾಯಿತು. ವಿಮಾನ ಲೂಸಿಯಾನಾಕ್ಕೆ, ಅಲ್ಲಿಂದ ನೆಬ್ರಾಸ್ಕಾಕ್ಕೆ ಹೋಗಿ ಸಂಜೆ ವಾಷಿಂಗ್ಟನ್‌ಗೆ ಮರಳಿತು. ಅಪಹರಣವಾದ ವಿಮಾನಗಳನ್ನು ಹೊಡೆದುರುಳಿಸಲು ಬುಷ್ ಫೋನಿನಲ್ಲಿ ಒಪ್ಪಿಗೆ ಕೊಟ್ಟರು ಎಂದು ಉಪಾಧ್ಯಕ್ಷ ಚೇನಿ ಹೇಳಿದರು. ಬುಷ್ ಹೌದು ಎಂದರು. ತನಿಖಾ ಆಯೋಗ ಹುಡುಕಿತು. ಆ ಕರೆಗೆ ಲಿಖಿತ ಸಾಕ್ಷಿ ಸಿಗಲಿಲ್ಲ. ಆದರೆ ಆ ದಿನದ ದಾಖಲೆಗಳೇ ಪೂರ್ತಿ ಇಲ್ಲ ಎಂದೂ ಆಯೋಗ 2004ರ ವರದಿಯಲ್ಲಿ ಬರೆಯಿತು. ಹೀಗೆ ಎರಡನ್ನೂ ಬರೆದು ಕೈಬಿಡುವುದು ನನಗೆ ಇಷ್ಟವಾಯಿತು.

ಖರ್ಚಿನ ವಿಷಯ. ಅಮೆರಿಕದಲ್ಲೂ ಮೊದಲು ಅಧ್ಯಕ್ಷರ ಕಾಗದಪತ್ರ ಅವರ ಮನೆಯ ಸ್ವತ್ತಾಗಿತ್ತು. ಚೆಸ್ಟರ್ ಆರ್ಥರ್ ಸಾಯುವ ಮುಂಚೆ ತಮ್ಮ ಹೆಚ್ಚಿನ ಕಾಗದಗಳನ್ನು ಸುಡಿಸಿಬಿಟ್ಟರು. ಹಾರ್ಡಿಂಗ್ ಅವರ ಪತ್ನಿ ಗಂಡ ಹೋದ ಮೇಲೆ ಬಹಳಷ್ಟನ್ನು ಬೆಂಕಿಗೆ ಹಾಕಿದರು. ಲಿಂಕನ್ ಕಾಗದಗಳನ್ನು ಮಗ ಕೊಟ್ಟರು ನಿಜ, ಆದರೆ ತಾನು ಸತ್ತು 21 ವರ್ಷ ಆಗುವ ತನಕ ತೆರೆಯಬಾರದು ಎಂಬ ಷರತ್ತು ಹಾಕಿದರು. ಜನ 1947ರವರೆಗೆ ಕಾಯಬೇಕಾಯಿತು. ರೂಸ್‌ವೆಲ್ಟ್ ತಮ್ಮ ಕಾಗದಗಳನ್ನು ಸರ್ಕಾರಕ್ಕೆ ಕೊಟ್ಟು 1941ರಲ್ಲಿ ಹೈಡ್ ಪಾರ್ಕ್‌ನಲ್ಲಿ ಗ್ರಂಥಾಲಯ ತೆರೆಸಿದರು. 1955ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಕೊಡುವುದು ಬಿಡುವುದು ಮಾತ್ರ ಅಧ್ಯಕ್ಷರ ಇಷ್ಟವಾಗಿಯೇ ಉಳಿಯಿತು. ರಾಜೀನಾಮೆ ಕೊಟ್ಟ ನಿಕ್ಸನ್ ಟೇಪ್‌ಗಳು ತಮ್ಮವು, ಬೇಕಾದರೆ ನಾಶ ಮಾಡುತ್ತೇನೆ ಎನ್ನುವ ಸ್ಥಿತಿಗೆ ಬಂದಾಗ ಸಂಸತ್ತು ಎಚ್ಚೆತ್ತಿತು. 1974ರಲ್ಲಿ ಅವರ ಕಾಗದಗಳಿಗಷ್ಟೇ ಒಂದು ಕಾಯ್ದೆ, 1978ರಲ್ಲಿ ಮುಂದಿನ ಎಲ್ಲ ಅಧ್ಯಕ್ಷರಿಗೂ ಒಂದು. 1981ರ ಜನವರಿ 20ರಿಂದ ಅಧ್ಯಕ್ಷರ ಅಧಿಕೃತ ದಾಖಲೆ ದೇಶದ್ದು. ಅಷ್ಟಕ್ಕೆ ಬೀಳುವ ಖರ್ಚು ನನಗಂತೂ ಜಾಸ್ತಿ ಅನ್ನಿಸುವುದಿಲ್ಲ. ಗ್ರಂಥಾಲಯದ ಹೆಸರಲ್ಲಿ ಕಟ್ಟುವ ವೈಭವದ ಮ್ಯೂಸಿಯಂ ಬಗ್ಗೆ ನಿಮಗೆ ಸಿಟ್ಟಿದ್ದರೆ ನಾನೂ ನಿಮ್ಮ ಪರ. ಅಲ್ಲಿ ಹೊಗಳಿಕೆಯೇ ಹೆಚ್ಚು.

ನಮ್ಮಲ್ಲಿ? 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. 25 ವರ್ಷ ದಾಟಿದ, ಉಳಿಸಬೇಕಾದ ಕೇಂದ್ರ ಸರ್ಕಾರಿ ಕಡತಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ಆದರೆ ಅಮೆರಿಕದಂತೆ ದೇಶದ ಮುಖ್ಯಸ್ಥರ ದಾಖಲೆಗೆಂದೇ ಮಾಡಿದ ಕಾಯ್ದೆ ನಮ್ಮಲ್ಲಿಲ್ಲ. 1975ರ ಜೂನ್ 25ರ ರಾತ್ರಿಯನ್ನು ನೆನೆಸಿಕೊಳ್ಳಿ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತುಪರಿಸ್ಥಿತಿಗೆ ಸಹಿ ಹಾಕಿದರು. ಸಂಪುಟ ಸಭೆ ಸೇರಿದ್ದು ಮರುದಿನ ಬೆಳಿಗ್ಗೆ. ಆ ರಾತ್ರಿ ಯಾರು ಯಾವಾಗ ರಾಷ್ಟ್ರಪತಿ ಭವನಕ್ಕೆ ಬಂದರು ಎಂಬುದಕ್ಕೆ ತುರ್ತುಪರಿಸ್ಥಿತಿಯ ತನಿಖೆ ನಡೆಸಿದ ಶಾ ಆಯೋಗ ಅಲ್ಲಿದ್ದವರ ಹೇಳಿಕೆಗಳಿಗೆ ಕಿವಿಗೊಡಬೇಕಾಯಿತು. ಇಂದಿರಾ ಗಾಂಧಿ ಪ್ರಮಾಣ ಮಾಡಿ ಸಾಕ್ಷಿ ಹೇಳಲು ಒಪ್ಪಲಿಲ್ಲ. ಎರಡು ವರ್ಷದ ಹಿಂದಿನ ರಾತ್ರಿಯ ಗಡಿಯಾರವನ್ನು ಜನರ ನೆನಪಿನಿಂದ ತೆಗೆಯುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ಸಾವಳಗಿಯ ಬಿ.ಡಿ. ಜತ್ತಿ 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಯ ಕಡತ ಅವರ ಮೇಜಿಗೆ ಬಂದದ್ದು, ಅವರು ಒಂದಿಷ್ಟು ತಡೆದು ಸಹಿ ಹಾಕಿದ್ದು ಆ ಏಪ್ರಿಲ್‌ನಲ್ಲಿ. ಆ ಕೆಲವು ತಾಸುಗಳಲ್ಲಿ ಯಾರು ಅವರನ್ನು ಕಂಡರು, ಯಾರು ಫೋನ್ ಮಾಡಿದರು ಎಂಬ ಒಂದು ಹಾಳೆ ಎದುರಿಗೆ ಸಿಕ್ಕರೆ ನಾನಂತೂ ಊಟ ಬಿಟ್ಟು ಓದುತ್ತೇನೆ.

ಕೊನೆಯ ಪ್ರಶ್ನೆ: ನೋಡಬಹುದೇ? ಧಾರಾಳವಾಗಿ. ರೂಸ್‌ವೆಲ್ಟ್, ಜಾನ್ಸನ್, ನಿಕ್ಸನ್, ಫೋರ್ಡ್, ಕಾರ್ಟರ್ ದಿನಚರಿಗಳನ್ನು ಆಯಾ ಗ್ರಂಥಾಲಯಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿವೆ. ರೇಗನ್ ಮತ್ತು ಅವರ ನಂತರದವರ ದಾಖಲೆಗಳನ್ನು ಅವರು ಅಧಿಕಾರ ಬಿಟ್ಟು ಐದು ವರ್ಷವಾದ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಿ ಕೇಳಬಹುದು. ಕೆಲವು ಬಗೆಯವನ್ನು 12 ವರ್ಷ ತಡೆದಿಡುವ ಅವಕಾಶವಿದೆ. ಅರ್ಜಿದಾರ ಅಮೆರಿಕದವನೇ ಆಗಬೇಕಿಲ್ಲ.

ಕಾರ್ಟರ್ ಅವರಿಂದ ಶುರು ಮಾಡಿ. ಅವರು 1978ರ ಜನವರಿ 1ರಿಂದ 3ರವರೆಗೆ ದೆಹಲಿಯಲ್ಲಿದ್ದರು. ಮೊರಾರ್ಜಿ ದೇಸಾಯಿ ಪ್ರಧಾನಿ. 3ರಂದು ಹರಿಯಾಣದ ದೌಲತ್‌ಪುರ ನಾಸಿರಾಬಾದ್‌ಗೆ ಹೋದರು, ಆ ಹಳ್ಳಿ ಆಮೇಲೆ ಕಾರ್ಟರ್‌ಪುರಿ ಆಯಿತು. ಮೊದಲು ಎಡಗಡೆಯ ಸಮಯ ಮಾತ್ರ ಓದುತ್ತಾ ಹೋಗಿ. ಆಮೇಲೆ 'ಪಿ' ಮತ್ತು 'ಆರ್' ನೋಡಿ. ದೊಡ್ಡ ಔತಣ, ಸಭೆಗಳಿಗೆ ಬಂದವರ ಹೆಸರು ಬೇಕಿದ್ದರೆ ಹಿಂದೆ ಲಗತ್ತಿಸಿದ ಪಟ್ಟಿಗಳನ್ನು ಹುಡುಕಿ. ಎಷ್ಟೋ ಜನ ಮೊದಲ ಪುಟ ಮಾತ್ರ ನೋಡಿ ಮುಚ್ಚಿಬಿಡುತ್ತಾರೆ.