ಪ್ರತಿಕ್ರಿಯೆ: ಕರಪತ್ರ ಹಂಚಿದರೂ ಕಾಫಿಪುಡಿ ಅಂಗಡಿಗೆ ಹೊಸಬರು ಬರುತ್ತಿಲ್ಲ

ಪೇಪರ್ ಒಳಗೆ ಕರಪತ್ರ ಹಾಕಿಸಿ, ಬಾಗಿಲಲ್ಲಿ ಮೈಕ್ ಇಟ್ಟರೂ ಚಿಕ್ಕಮಗಳೂರಿನ ನಿಮ್ಮ ಕಾಫಿಪುಡಿ ಅಂಗಡಿಗೆ ಹೊಸಬರು ಬರುತ್ತಿಲ್ಲ ಅಂದಿದ್ದೀರಿ. ಕಾರಣ ಬಹುಶಃ ಅದರಲ್ಲಿರುವ ‘ಶುದ್ಧ, ರುಚಿಕರ, ನಂ. 1’ ಅನ್ನುವ ಮಾತುಗಳೇ. ನಮ್ಮೂರಲ್ಲಿ ಎಲ್ಲ ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಅಲ್ವಾ?

ಮೊದಲು ಅದನ್ನು ತೆಗೆಯಿರಿ. ಜನ ಕೌಂಟರಿನಲ್ಲಿ ಕೇಳುವುದನ್ನೇ ಬರೆಯಿರಿ: ಕಾಫಿ ಬೀಜದಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಬೆರೆಸುವ ಚಿಕೋರಿ ಬೇರಿನ ಪುಡಿ ಎಷ್ಟು, ಕಾಲು ಕೆಜಿಗೆ ಬೆಲೆ ಎಷ್ಟು, ಹುರಿದದ್ದು ಯಾವತ್ತು. ಚಿಕೋರಿ ಪ್ರಮಾಣವನ್ನು ಪ್ಯಾಕೆಟ್ ಮೇಲೆ ಹಾಕಲೇಬೇಕು, ಮಿಶ್ರಣದಲ್ಲಿ ಕಾಫಿ 51%ಗಿಂತ ಕಡಿಮೆ ಇರುವಂತಿಲ್ಲ. ಹೇಗೂ ಹಾಕುವುದನ್ನು ಮೂಲೆಯಲ್ಲಿ ಸಣ್ಣದಾಗಿ ಯಾಕೆ ಹಾಕಬೇಕು? ದೊಡ್ಡದಾಗಿ ಹಾಕಿ. ನನ್ನ ಅಂಗಡಿಯ ಬೋರ್ಡಿನಲ್ಲಿ ‘80–20’ (ಕಾಫಿ 80, ಚಿಕೋರಿ 20) ಅಂತ ಬರೆಸಿದ ಮೇಲೆಯೇ ಜನ ನಿಂತು ವಿಚಾರಿಸೋಕೆ ಶುರು ಮಾಡಿದರು.

ಆಮೇಲೆ ಮೈಕ್ ನಿಲ್ಲಿಸಿ. ಸುಮ್ನೆ ಕಿರಿಕಿರಿ, ಪಕ್ಕದವರಿಗೂ ಬೇಜಾರು. ಪುಡಿ ಮಾಡುವ ಮಿಷನ್ನನ್ನು ಬಾಗಿಲ ಹತ್ತಿರಕ್ಕೆ ತನ್ನಿ, ಘಮವೇ ಕರೆಯುತ್ತದೆ.

ವಾಟ್ಸಾಪ್ ದಿನಾ ಬೇಡ. ಒಂದೇ ಸಲಕ್ಕೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಬಿಲ್ ಕೊಡುವಾಗಲೇ ಸೇವ್ ಮಾಡಿಕೊಳ್ಳಲು ಹೇಳಿ, ಹೊಸದಾಗಿ ಹುರಿದ ದಿನ ಒಂದೇ ಸಾಲು ಕಳಿಸಿ.

ಪ್ರವಾಸಿಗರಿಗೂ ಇದು ಕೆಲಸ ಮಾಡುತ್ತದೆ ಅಂತ ಖಾತ್ರಿ ಕೊಡಲಾರೆ. ಊರಿನ ಗಿರಾಕಿಗಳಿಗೆ ಇವತ್ತೇ ಬೋರ್ಡಿನಿಂದ ಶುರು ಮಾಡಿ.