ಅವ್ವನ ಮೊಣಕಾಲು ಮತ್ತು ಕಳಿಸದೇ ಉಳಿದ ಅರ್ಜಿ

ಹೆಸರು ಬದಲಿಸಿದ್ದೇನೆ. ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದ್ದಾರೆ.

ಸವಿತಾಗೆ 32 ವರ್ಷ. ಗದಗ ಜಿಲ್ಲೆಯ ಹಳ್ಳಿಯವರು. ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ. ಮುಗಿಸಿ ಎರಡು ವರ್ಷವಾಗಿದೆ. ಈಗ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಾಠ ಮುಗಿಸಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ, ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಿದ್ದರು. "ಮೂರು ವಾರ ಆತು ರಿ ಮೇಡಂ, ನಿದ್ದಿ ಬರವಲ್ದು" ಅಂದರು.

ಊಟ, ನಿದ್ದೆ ಹೇಗಿದೆ, ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಏನಾದರೂ ಇದೆಯಾ ಅಂತ ಮೊದಲು ನೇರವಾಗಿಯೇ ಕೇಳಿದೆ. ಅಂಥ ಯೋಚನೆ ಏನೂ ಇರಲಿಲ್ಲ. ಇದ್ದಿದ್ದರೆ ಅವತ್ತೇ ಇಲ್ಲಿನ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ.

ವಿಷಯ ಇಷ್ಟು. ಯೂರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್ ಹುದ್ದೆ ಖಾಲಿ ಇತ್ತು. ಪಿಎಚ್‌.ಡಿ. ಆದವರಿಗೆ ಸಿಗುವ ಎರಡು ವರ್ಷದ ಸಂಶೋಧನಾ ಕೆಲಸ. ಮೊಣಕಾಲಿನ ಎಂಆರ್‌ಐ ಚಿತ್ರಗಳಿಂದ ಕಂಪ್ಯೂಟರ್ ಮಾದರಿ ಮಾಡಿ, ಕೀಲಿನ ಮೇಲೆ ಎಲ್ಲಿ ಎಷ್ಟು ಭಾರ ಬೀಳುತ್ತದೆ ಅಂತ ಲೆಕ್ಕ ಹಾಕುವುದು. ಅರ್ಜಿಗೆ ಒಂಬತ್ತು ದಿನ ಉಳಿದಿತ್ತು. ಸವಿತಾ ಅರ್ಜಿ ಬರೆದಿಟ್ಟಿದ್ದರು, ಕಳಿಸಿರಲಿಲ್ಲ.

ಯಾಕೆ ಅಂದಿದ್ದಕ್ಕೆ, "ಎಂಆರ್‌ಐ ಅನುಭವ ಬೇಕು ಅಂತ ಬರದಾರ. ನಾ ಮಾಡಿದ್ದು ಬರೀ ಸಿಟಿ ಸ್ಕ್ಯಾನ್ ಮ್ಯಾಲ" ಅಂದರು. ನನಗೆ ಇವೆರಡರ ನಡುವಿನ ವ್ಯತ್ಯಾಸ ಗೊತ್ತಿರಲಿಲ್ಲ. ಹೇಳಿಕೊಡಿ ಅಂದೆ.

ಸವಿತಾ ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತಗೊಂಡು ಒಂದು ಮೊಣಕಾಲು ಬರೆದರು. ಎಲುಬಿನ ತುದಿಗೆ ತೆಳ್ಳಗೆ ಒಂದು ಗೆರೆ ಎಳೆದರು. ಅದು ಕಾರ್ಟಿಲೇಜ್, ಎಲುಬಿಗೆ ಹೊದ್ದುಕೊಂಡ ನುಣುಪಾದ ಪದರ. ದಪ್ಪ ಎರಡು-ಮೂರು ಮಿಲಿಮೀಟರ್. ಸಿಟಿಯಲ್ಲಿ ಎಲುಬು ಚೆನ್ನಾಗಿ ಕಾಣುತ್ತದೆ, ಈ ಪದರ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಕಾಲನ್ನು ತೆಳ್ಳಗೆ ಹೋಳು ಮಾಡಿದಂತೆ ತೋರಿಸುವ ಒಂದೊಂದು ಚಿತ್ರದಲ್ಲೂ ಈ ಅಂಚನ್ನು ಗುರುತು ಮಾಡಬೇಕು. ಸುಮ್ನೆ ನಡೆಯುವಾಗಲೇ ಮೊಣಕಾಲಿನ ಮೇಲೆ ಮೈತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದಂತೆ. ಯಾವ ಸ್ನಾಯು ಎಷ್ಟು ಎಳೆಯುತ್ತಿದೆ ಅಂತ ನಡೆಯುವವರ ಕಾಲೊಳಗೆ ಅಳತೆಗೋಲು ಇಟ್ಟು ನೋಡಲಿಕ್ಕೆ ಆಗುವುದಿಲ್ಲ, ಹಾಗಾಗಿ ಲೆಕ್ಕ ಹಾಕಿಯೇ ತಿಳಿಯಬೇಕು. ಇದಕ್ಕೆ ಓಪನ್‌ಸಿಮ್ ಅಂತ ಒಂದು ಸಾಫ್ಟ್‌ವೇರ್ ಇದೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು ಅಂದರು.

ಇಪ್ಪತ್ತು ನಿಮಿಷ ಒಂದೇ ಸಮನೆ ಮಾತಾಡಿದರು. ಬಂದಾಗ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

"ಈ ಚಿತ್ರ ಯಾರ ಮೊಣಕಾಲು?" ಅಂತ ಕೇಳಿದೆ. ಪೆನ್ಸಿಲ್ ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಅವ್ವಂದು" ಅಂದರು. ಅವ್ವನಿಗೆ 61. ನೆಲದ ಮೇಲೆ ಕುಂತು ರೊಟ್ಟಿ ಬಡಿದು ಬಡಿದು ಈಗ ಏಳಬೇಕಾದರೆ ಗೋಡೆ ಹಿಡಿಯಬೇಕು. "ಮಂದಿ ಮಣಕಾಲು ನೋಡಾಕ ದೇಶ ಬಿಟ್ಟು ಹೋಗಿ, ನನ್ನ ಅವ್ವನ್ನ ಇಲ್ಲೇ ಬಿಡೂದೇನ್ರಿ?" ಅಂತ ಅತ್ತರು.

ನಿದ್ದೆ ಕೆಡಿಸಿದ್ದು ಎಂಆರ್‌ಐ ಅನುಭವದ ಕೊರತೆ ಅಲ್ಲ ಅಂತ ನನಗನಿಸಿತು. ಅನುಭವ ಸಾಲದು ಅಂತ ಹೇಳಿಕೊಂಡರೆ ಅವ್ವನ ಮಾತು ಎತ್ತುವುದೇ ಬೇಡವಲ್ಲ. ಇದನ್ನು ಅವರ ಮುಂದೆಯೇ ಹೇಳಿದೆ. ಹೌದು ಅಂತ ತಲೆಯಾಡಿಸಿದರು.

ಆಮೇಲೆ ಎರಡನ್ನೂ ಬೇರೆ ಬೇರೆ ಮಾಡಿದೆವು.

ಅರ್ಜಿ ಕಳಿಸುವುದು ಅಂದರೆ ಹೋಗುವುದಲ್ಲ, ಮೊದಲು ಕಳಿಸಿ ಅಂದೆ. ಸಿಟಿ ಮೇಲೆ ಮಾಡಿದ್ದನ್ನು ಮುಚ್ಚಿಡಬೇಡಿ, ಎಂಆರ್‌ಐ ಕಲಿಯಲು ಏನು ಶುರು ಮಾಡಿದ್ದೀರಿ ಅದನ್ನು ಬರೆಯಿರಿ. ಅಮೆರಿಕದ ಕೀಲು ಸವೆತದ ಅಧ್ಯಯನ, ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್‌ನಲ್ಲಿ 4,796 ಜನರ ಮೊಣಕಾಲಿನ ಮಾಹಿತಿ ಇದೆ, ಎಂಆರ್‌ಐ ಸಮೇತ, ಸಂಶೋಧಕರು ಕೇಳಿ ಪಡೆಯಬಹುದು ಅಂತ ಅವರೇ ಹೇಳಿದ್ದರು. ಹಾಗಾದರೆ ಇವತ್ತೇ ಕೇಳಿ ಅಂದೆ. ಇನ್ನೊಂದು, ಅವ್ವ ನೆಲಕ್ಕೆ ಕುಂತು ಏಳುವಾಗ ಕೀಲಿನಲ್ಲಿ ಏನಾಗುತ್ತದೆ ಅನ್ನುವುದು ನಿಮ್ಮ ಸ್ವಂತ ಪ್ರಶ್ನೆ. ಕುರ್ಚಿಯ ಮೇಲೇ ಬೆಳೆದವರಿಗೆ ಅದು ಅಷ್ಟು ಬೇಗ ಹೊಳೆಯಲಿಕ್ಕಿಲ್ಲ. ಅರ್ಜಿಯ ಪತ್ರದಲ್ಲಿ ಅದಕ್ಕೊಂದು ಪ್ಯಾರಾ ಕೊಡಿ.

ಶಿಫಾರಸು ಪತ್ರದ ತೊಂದರೆಯೂ ಇತ್ತು. ಪಿಎಚ್‌.ಡಿ. ಗೈಡ್ ಫೋನ್ ಎತ್ತುತ್ತಿರಲಿಲ್ಲ. ಹಳೆಯ ಮುನಿಸು. ಅವರಿಗೆ ಕೊನೆಯ ದಿನಾಂಕ ಹಾಕಿ ಒಂದು ಚಿಕ್ಕ ಮೇಲ್ ಮಾಡಿ, ಜೊತೆಗೆ ಸ್ಕ್ಯಾನ್ ಕೊಟ್ಟು ಸಹಾಯ ಮಾಡಿದ ಎಲುಬಿನ ಡಾಕ್ಟರನ್ನೂ ಕೇಳಿ ಅಂದೆ. ಡಾಕ್ಟರು ಮರುದಿನವೇ ಒಪ್ಪಿದರು. ಗೈಡ್ ಉತ್ತರಿಸಲಿಲ್ಲ. ಸಹ-ಮಾರ್ಗದರ್ಶಕರು ಬರೆದುಕೊಟ್ಟರು.

ಕೆಲಸ ಸಿಕ್ಕರೆ ಒಪ್ಪುವ ಮೊದಲು ಕೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆಸಿದೆ. ಸಂಬಳದ ಹಣ ಯಾವ ಪ್ರಾಜೆಕ್ಟಿನದು, ಎಷ್ಟು ತಿಂಗಳು ಉಳಿದಿದೆ? ಎರಡನೇ ವರ್ಷ ಖಚಿತವೋ, ಮೊದಲ ವರ್ಷ ನೋಡಿ ಹೇಳುತ್ತಾರೋ? ತೆರಿಗೆ, ಮನೆ ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ? ಸ್ಕ್ಯಾನ್‌ಗಳು ಆಗಲೇ ತೆಗೆದಿದ್ದಾರಾ, ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿದೆಯಾ? ಇಲ್ಲದಿದ್ದರೆ ಅರ್ಧ ಅವಧಿ ಕಾಯುವುದರಲ್ಲೇ ಹೋಗುತ್ತದೆ. ಆ ಲ್ಯಾಬಿನಲ್ಲಿ ಮೊದಲು ಇದ್ದವರೊಬ್ಬರ ಜೊತೆ ಮಾತಾಡಲೇಬೇಕು. ಇವನ್ನೆಲ್ಲ ಕೇಳಿದರೆ ಸಿಟ್ಟಾಗ್ತಾರೇನೋ ಅಂತ ಸವಿತಾಗೆ ಭಯ. ಪೋಸ್ಟ್‌ಡಾಕ್ ಒಂದು ಉದ್ಯೋಗ, ಮತ್ತೊಂದು ಡಿಗ್ರಿ ಅಲ್ಲ. ಕೆಲಸಕ್ಕೆ ಸೇರುವವರು ಸಂಬಳ ಕೇಳೋದು ತಪ್ಪಲ್ಲ ಅಲ್ವಾ?

ಅವ್ವನ ವಿಷಯದಲ್ಲಿ ನಾನು ಹೇಳಿದ್ದು ಕಡಿಮೆ. ಅವ್ವನ ಪರವಾಗಿ ನೀವೇ ತೀರ್ಮಾನ ಮಾಡಬೇಡಿ, ಅವರನ್ನು ಕೇಳಿ ಅಂದೆ, ಅಷ್ಟೇ. ಇಷ್ಟು ದಿನ ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಎರಡನೇ ಭೇಟಿಗೆ ಬರುವಷ್ಟರಲ್ಲಿ ಅರ್ಜಿ ಹೋಗಿತ್ತು. ಅವ್ವ ಕೇಳಿಸಿಕೊಂಡು, "ನೀ ಇಲ್ಲೇ ಇದ್ದೂ ನನ್ನ ಕಾಲು ನೆಟ್ಟಗಾಗಿಲ್ಲಲ್ಲ" ಅಂದರಂತೆ. ಸವಿತಾ ಅದನ್ನು ಹೇಳುವಾಗ ನಕ್ಕರು, ಕಣ್ಣು ಒದ್ದೆಯಾಗಿತ್ತು. ಸವಿತಾ ಅವರ ತಮ್ಮ ವಾರಕ್ಕೆರಡು ಸಲ ಅವ್ವನನ್ನು ಗದಗಿಗೆ ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದಾನೆ. ರೊಟ್ಟಿ ಬಡಿಯಲು ಒಲೆಯನ್ನು ಕಟ್ಟೆಯ ಮೇಲೆ ಇಟ್ಟಿದ್ದಾರೆ. ನಿದ್ದೆ ಪೂರ್ತಿ ಸರಿಹೋಗಿಲ್ಲ, ಆದರೆ ಮೊದಲಿಗಿಂತ ಜಾಸ್ತಿ ಬರುತ್ತಿದೆ.

ಸಂದರ್ಶನ ಮುಗಿದಿದೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಶುಕ್ರವಾರ ಅವ್ವನನ್ನೂ ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ. ನನ್ನ ಕೋಣೆ ಮೊದಲ ಮಹಡಿಯಲ್ಲಿದೆ. ಅವತ್ತು ಕೆಳಗೇ ಕುರ್ಚಿ ಹಾಕಿಸಬೇಕು.