ಸಮ್ಮೇಳನಕ್ಕೆ ಹೋದವರು ಊರು ನೋಡುವುದು ಯಾವಾಗ?

ಪ್ರಶ್ನೆ: ಕಚೇರಿಯ ಕೆಲಸದ ಮೇಲೆ ವರ್ಷಕ್ಕೆ ಎರಡು ಮೂರು ಬಾರಿ ಸಮ್ಮೇಳನಗಳಿಗೆ ಹೋಗುತ್ತೇನೆ. ಬೆಳಿಗ್ಗೆ 9ಕ್ಕೆ ಶುರುವಾಗುವ ಗೋಷ್ಠಿಗಳು ಮುಗಿಯುವಾಗ ಸಂಜೆ 6 ದಾಟಿರುತ್ತದೆ. ವಿಮಾನ ನಿಲ್ದಾಣ, ಹೋಟೆಲು, ಸಭಾಂಗಣ ಬಿಟ್ಟು ಬೇರೇನನ್ನೂ ನೋಡದೆ ಮರಳುವುದು ಬೇಸರ ತರಿಸುತ್ತದೆ. ಮುಂದಿನ ಸಮ್ಮೇಳನ ವಿದೇಶದಲ್ಲಿ, ನಾಲ್ಕು ದಿನಗಳದ್ದು. ಎರಡನೆಯ ದಿನ ನಾನೇ ಪ್ರಬಂಧ ಮಂಡಿಸಬೇಕು. ಕೆಲಸಕ್ಕೆ ಕುಂದು ಬಾರದಂತೆ ಊರು ನೋಡಲು ದಾರಿಯಿದೆಯೇ?

ಉತ್ತರ: ಖಂಡಿತ ಇದೆ. ಆದರೆ ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಒಂದು ನಿರ್ಧಾರ ಮಾಡಬೇಕು. ಆ ಊರಿನಲ್ಲಿ ನೋಡಲೇಬೇಕೆಂದು ನಿಮಗೆ ಅನ್ನಿಸುವ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿ, ಉಳಿದದ್ದನ್ನು ಈ ಸಲಕ್ಕೆ ಬಿಟ್ಟುಬಿಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ಸಮಾರೋಪ ಮುಗಿದು ವಿಮಾನಕ್ಕೆ ಹೊರಡುವ ನಡುವೆ ಸಿಕ್ಕ ನಾಲ್ಕು ಗಂಟೆಗಳಲ್ಲಿ ನಾಲ್ಕು ಜಾಗಗಳನ್ನು ನೋಡಲು ಓಡಿದ್ದೆ. ಆ ಮಧ್ಯಾಹ್ನದಿಂದ ಇವತ್ತಿಗೂ ನೆನಪಿರುವುದು ಟ್ಯಾಕ್ಸಿಯ ಮುಂದಿನ ಸೀಟಿನ ಬೆನ್ನು ಮಾತ್ರ. ಮತ್ತೊಂದು ಪ್ರವಾಸದಲ್ಲಿ ಒಂದು ವಸ್ತುಸಂಗ್ರಹಾಲಯದ ಒಂದೇ ಕೋಣೆಯಲ್ಲಿ ಒಂದೂವರೆ ಗಂಟೆ ಕಳೆದೆ. ಅಲ್ಲಿದ್ದ ಹಳೆಯ ಮರದ ಬಾಗಿಲಿನ ಕೆತ್ತನೆ ಮೇಲ್ಭಾಗದಲ್ಲಿ ಚೂಪಾಗಿ ಉಳಿದಿತ್ತು. ಕೈಗೆಟಕುವ ಎತ್ತರದಲ್ಲಿ ಮಾತ್ರ, ತಲೆಮಾರುಗಳ ಜನ ತಳ್ಳಿ ತಳ್ಳಿ, ಬಳ್ಳಿಯ ಎಲೆಗಳೆಲ್ಲ ಸವೆದು ನುಣುಪಾಗಿದ್ದವು. ಆ ಬಾಗಿಲನ್ನು ಈಗಲೂ ಕಣ್ಣು ಮುಚ್ಚಿದರೆ ಕಾಣಬಲ್ಲೆ.

ಜಾಗ ಗೊತ್ತಾದ ಮೇಲೆ ಅದು ಯಾವ ದಿನ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ನೋಡಿ. ಪ್ಯಾರಿಸ್ಸಿನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ತಾಜ್ ಮಹಲಿಗೆ ಶುಕ್ರವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಬೇರೆ ಎಷ್ಟೋ ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಬಾಗಿಲಿಗೆ ಹೋಗಿ ಮರಳುವ ನಿರಾಶೆ ಬಿಡುವಿರುವ ಪ್ರವಾಸಿಗನಿಗೆ ಸಣ್ಣದು, ಒಂದೇ ಸಂಜೆ ಕೈಯಲ್ಲಿರುವ ನಿಮಗೆ ಬಹಳ ದೊಡ್ಡದು. ಇನ್ನೊಂದೆಡೆ, ಹಲವು ದೊಡ್ಡ ಸಂಗ್ರಹಾಲಯಗಳು ವಾರದಲ್ಲಿ ಒಂದೆರಡು ದಿನ ರಾತ್ರಿಯವರೆಗೂ ತೆರೆದಿರುತ್ತವೆ. ಗೋಷ್ಠಿಗಳು ಮುಗಿದ ಮೇಲೆ ಹೋಗುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ, ಅಷ್ಟು ಹೊತ್ತಿಗೆ ಜನಸಂದಣಿಯೂ ಇಳಿದಿರುತ್ತದೆ. ಕೊನೆಯ ಪ್ರವೇಶ ಮುಚ್ಚುವ ವೇಳೆಗಿಂತ ಮುಂಚೆಯೇ ನಿಲ್ಲುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ನಿಮ್ಮ ವಿಷಯದಲ್ಲಿ ಆ ಸಂಜೆ ಎರಡನೆಯ ದಿನದ್ದೇ ಆಗಲಿ ಎನ್ನುತ್ತೇನೆ. ಪ್ರಬಂಧ ಮಂಡಿಸುವ ಮುನ್ನ ಎಲ್ಲಿಗೆ ಹೋದರೂ ಮನಸ್ಸು ಸ್ಲೈಡುಗಳ ಮೇಲೆಯೇ ಇರುತ್ತದೆ. ಮಂಡಿಸಿದ ಮೇಲೆ ತಲೆಯ ಮೇಲಿನ ಭಾರ ಇಳಿದು ಕಣ್ಣು ತಾನಾಗಿಯೇ ತೆರೆಯುತ್ತದೆ. ಗೋಷ್ಠಿಗಳನ್ನು ತಪ್ಪಿಸಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕದ್ದು ಹೋದ ಜಾಗದಲ್ಲಿ ನೆಮ್ಮದಿಯಿಂದ ನಿಂತು ನೋಡಲಾಗುವುದಿಲ್ಲ. ಆದರೆ ಏಕಕಾಲದಲ್ಲಿ ನಡೆಯುವ ಗೋಷ್ಠಿಗಳಲ್ಲಿ ನಿಮ್ಮ ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ಅವಧಿಯೊಂದು ಬಂದರೆ, ಮೇಲಧಿಕಾರಿಗೆ ಮೊದಲೇ ತಿಳಿಸಿ ಅದನ್ನು ಬಿಡುವಾಗಿ ಗುರುತಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಬೆಳಗಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಮಭಾಜಕ ವೃತ್ತದ ಹತ್ತಿರದ ಊರುಗಳಲ್ಲಿ ಹಗಲಿನ ಉದ್ದ ವರ್ಷವಿಡೀ ಸುಮಾರು 12 ಗಂಟೆಯೇ ಆದ್ದರಿಂದ ಸಂಜೆ ಬೇಗ ಕತ್ತಲಾಗುತ್ತದೆ, ಅಲ್ಲಿ ಮುಂಜಾನೆಯೇ ನಿಮ್ಮ ಹೊತ್ತು. ಧ್ರುವಗಳ ಕಡೆಗೆ ಹೋದಂತೆ ಬೇಸಿಗೆಯ ಸಂಜೆಗಳು ಲಂಬಿಸುತ್ತವೆ, ಅಂಥಲ್ಲಿ ಗೋಷ್ಠಿ ಮುಗಿದ ಮೇಲೂ ಮೂರು ನಾಲ್ಕು ಗಂಟೆ ಬೆಳಕಿರಬಹುದು. ಟಿಕೆಟ್ಟು ಬೇಡದ ಹಳೆಯ ಬೀದಿ, ಸೇತುವೆ, ನದೀತೀರಗಳನ್ನು ಬೆಳಿಗ್ಗೆ 6ಕ್ಕೆ ಎದ್ದು ನಡೆದು ನೋಡಿ. ಅಂಗಡಿಗಳು ಬಾಗಿಲು ಎತ್ತುವ ಮೊದಲು ಕಟ್ಟಡಗಳ ಮುಖ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕಾಗಿ ಪೆಟ್ಟಿಗೆಯಲ್ಲಿ ನಡಿಗೆಯ ಷೂ ಒಂದು ಜೊತೆ ಬೇರೆಯೇ ಇರಲಿ. ಸಭೆಯ ಷೂಗಳಲ್ಲಿ ಬೆಳಿಗ್ಗೆ ನಾಲ್ಕು ಕಿಲೋಮೀಟರು ನಡೆದವರು ಮಧ್ಯಾಹ್ನದ ಭಾಷಣವನ್ನು ಹಿಮ್ಮಡಿಯ ಬೊಕ್ಕೆಯೊಂದಿಗೆ ಕೇಳಬೇಕಾಗುತ್ತದೆ.

ಪ್ರಶ್ನೆ: ಸಮ್ಮೇಳನದ ಜೊತೆಗೆ ಎರಡು ದಿನ ಸ್ವಂತ ರಜೆ ಸೇರಿಸಿಕೊಳ್ಳಬೇಕೆಂದಿದ್ದೇನೆ. ಮೊದಲು ಸೇರಿಸುವುದು ಒಳ್ಳೆಯದೋ, ನಂತರವೋ? ಕಚೇರಿಯವರು ಏನೆಂದುಕೊಳ್ಳುವರೋ ಎಂಬ ಅಳುಕೂ ಇದೆ.

ಉತ್ತರ: ಕಾಲಮಾನ ಬದಲಾಗದ ಊರಾದರೆ ನಂತರ, ಹಲವು ಕಾಲವಲಯಗಳನ್ನು ದಾಟುವ ಪ್ರಯಾಣವಾದರೆ ಮೊದಲು. ದೇಹದೊಳಗಿನ ಗಡಿಯಾರ ಹೊಸ ಕಾಲಮಾನಕ್ಕೆ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ. ಆ ಗಡಿಯಾರದ ಸುತ್ತು ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ ಪಶ್ಚಿಮದತ್ತ ಹೋದಾಗ ತಡವಾಗಿ ಮಲಗುವುದು ಸುಲಭ, ಪೂರ್ವದತ್ತ ಹೋದಾಗ ಬೇಗ ಮಲಗುವುದು ಕಷ್ಟ. ಅದನ್ನು ಹೊಂದಿಸುವುದರಲ್ಲಿ ಹಗಲ ಬೆಳಕಿನ ಪಾತ್ರ ದೊಡ್ಡದು. ಆದ್ದರಿಂದ ಮುಂಚಿನ ಎರಡು ದಿನ ಬಯಲಲ್ಲಿ ಓಡಾಡಿದರೆ ಊರು ನೋಡಿದಂತೆಯೂ ಆಯಿತು, ಸಭೆಯಲ್ಲಿ ತೂಕಡಿಸದೆ ಕೂರಲು ದೇಹ ಸಿದ್ಧವಾದಂತೆಯೂ ಆಯಿತು.

ಅಳುಕು ಬೇಡ, ಮುಚ್ಚುಮರೆಯೂ ಬೇಡ. ಟಿಕೆಟ್ಟು ತೆಗೆಸುವ ಮೊದಲೇ ಲಿಖಿತವಾಗಿ ಅನುಮತಿ ಕೇಳಿ. ಸಮ್ಮೇಳನದ ದಿನಾಂಕಗಳಿಗಷ್ಟೇ ಹೋಗಿ ಬಂದರೆ ದರ ಎಷ್ಟು, ನಿಮ್ಮ ದಿನಾಂಕಗಳಿಗೆ ಎಷ್ಟು ಎಂಬ ಎರಡನ್ನೂ ಒಂದೇ ದಿನ ನೋಡಿ ಪ್ರತಿ ತೆಗೆದಿಟ್ಟುಕೊಳ್ಳಿ. ಹೆಚ್ಚುವರಿ ಇದ್ದರೆ ಅದು ನಿಮ್ಮದು. ಹೋಟೆಲ್ಲಿನ ಬಿಲ್ಲನ್ನೂ ಎರಡಾಗಿ ಮಾಡಿಸಿ. ಇದಕ್ಕಿಂತ ಮುಖ್ಯವಾದವು ವಿಮೆ ಮತ್ತು ವೀಸಾ. ಕಚೇರಿ ಮಾಡಿಸುವ ವಿಮೆ ಅಧಿಕೃತ ದಿನಗಳಿಗೆ ಮಾತ್ರ ಸೀಮಿತವಾಗಿರಬಹುದು, ಹಾಗಿದ್ದರೆ ಉಳಿದ ದಿನಗಳಿಗೆ ನೀವೇ ಮಾಡಿಸಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದಲ್ಲಿ ಎಷ್ಟು ದಿನ ತಂಗಬಹುದೆಂದು ನಮೂದಾಗಿರುತ್ತದೆ, ಅದು ವೀಸಾದ ಕೊನೆಯ ದಿನಾಂಕಕ್ಕಿಂತ ಬೇರೆ. ಅರ್ಜಿ ಹಾಕುವಾಗಲೇ ಆ ಎರಡು ದಿನಗಳನ್ನು ಸೇರಿಸದಿದ್ದರೆ ಆಮೇಲೆ ಸೇರಿಸಲು ಬರುವುದಿಲ್ಲ.

ಪ್ರಶ್ನೆ: ಕೊನೆಯ ದಿನ ಹೋಟೆಲು ಬಿಟ್ಟ ಮೇಲೆ ವಿಮಾನಕ್ಕೆ ಅರ್ಧ ದಿನ ಉಳಿದಿರುತ್ತದೆ. ಸಾಮಾನು ಹೊತ್ತುಕೊಂಡು ತಿರುಗುವುದು ಹೇಗೆ?

ಉತ್ತರ: ಹೊತ್ತುಕೊಂಡು ತಿರುಗಬೇಡಿ, ದೊಡ್ಡ ಪೆಟ್ಟಿಗೆಗಳನ್ನು ಬಹುತೇಕ ಸಂಗ್ರಹಾಲಯಗಳು ಒಳಗೆ ಬಿಡುವುದೂ ಇಲ್ಲ. ಕೋಣೆ ಖಾಲಿ ಮಾಡಿದವರ ಸಾಮಾನನ್ನು ಸಂಜೆಯವರೆಗೆ ಇಟ್ಟುಕೊಳ್ಳಲು ಸಾಮಾನ್ಯವಾಗಿ ಹೋಟೆಲುಗಳು ಒಪ್ಪುತ್ತವೆ. ಕಚೇರಿಯ ಕಡತಗಳಿರುವ ಲ್ಯಾಪ್‌ಟಾಪು ಮತ್ತು ಪಾಸ್‌ಪೋರ್ಟನ್ನು ಮಾತ್ರ ಅಲ್ಲಿ ಬಿಡದೆ ಬೆನ್ನಿನ ಚೀಲದಲ್ಲಿಟ್ಟುಕೊಳ್ಳಿ. ಆ ದಿನ ಹೋಗುವ ಜಾಗ ಹೋಟೆಲ್ಲಿನಿಂದ ನಡೆದು ತಲುಪುವಷ್ಟು ಹತ್ತಿರವಿರಲಿ. ಅಂತರರಾಷ್ಟ್ರೀಯ ವಿಮಾನಕ್ಕೆ 3 ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು, ಅದಕ್ಕೆ ರಸ್ತೆಯ ಸಮಯವನ್ನೂ ಹೋಟೆಲಿಗೆ ಮರಳಿ ಸಾಮಾನು ಪಡೆಯುವ ಅರ್ಧ ಗಂಟೆಯನ್ನೂ ಕೂಡಿಸಿ ಹಿಂದಕ್ಕೆ ಎಣಿಸಿಕೊಂಡು, ಆ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಟ್ಟೇ ಹೊರಡಿ.